ಶೂಲಗಿರಿಯಲ್ಲಿ ನಿಂತ ಲಾರಿ

ಕೃಷ್ಣಗಿರಿ,
೧೯ ಜನವರಿ ೨೦೨೫

ಅಪ್ಪ,

ಶಾಲೆಯಲ್ಲಿ ಕಲಿಸಿದ ಹಾಗೆ ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಶುರು ಮಾಡಿದೆ. ಆ ಹಾಳೆ ಹರಿದು ಹಾಕಿ ಮತ್ತೆ ಕೂತಿದ್ದೇನೆ.

‘ಮಗಳು ಜೈಲಿನ ಬಾಗ್ಲು ನೋಡಬಾರ್ದು, ಕಾಗದ ಬರೀಲಿ ಸಾಕು’ ಎಂದು ಅಮ್ಮನ ಕೈಲಿ ಹೇಳಿ ಕಳಿಸಿದೆಯಂತೆ. ಹೋದ ವಾರ ನೀನು ಅಲ್ಲಿಂದ ಫೋನ್ ಮಾಡಿದಾಗ ಇಬ್ಬರೂ ‘ಊಟ ಆಯ್ತಾ’ ಎನ್ನುವುದನ್ನು ದಾಟಲಿಲ್ಲ. ಹಾಗಾಗಿ ಕಾಗದವೇ ವಾಸಿ.

ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಪೇಪರಿನಲ್ಲಿ ನಿನ್ನ ಹೆಸರು ಬಂದಿತ್ತು. ಚೆನ್ನೈ ಕಡೆಯ ಫ್ಯಾಕ್ಟರಿಯಿಂದ ಬೆಂಗಳೂರಿಗೆ ಹೊರಟಿದ್ದ ಒಂದು ಕಂಟೇನರ್ ಲ್ಯಾಪ್‌ಟಾಪ್ ಶೂಲಗಿರಿಯಲ್ಲಿ ಮಾಯವಾಯಿತು, ಖಾಲಿ ಲಾರಿ ಕಾವೇರಿಪಟ್ಟಣದ ಮಾವಿನ ತೋಪಿನಲ್ಲಿ ಸಿಕ್ಕಿತು, ಗುಮ್ಮಳಾಪುರದ ಡ್ರೈವರ್ ಕೆಂಪರಾಜು ಕಳ್ಳರ ಜೊತೆ ಸೇರಿದ್ದಾನೆ, ಹೀಗೆ. ನಾನು ನಂಬಲಿಲ್ಲ. ಆದರೂ ಒಂದು ಮಾತು ಕೇಳಬೇಕು. ಊಟಕ್ಕೆ ಇಳಿದಾಗ ಲಾರಿ ಹೋಯಿತು ಎನ್ನುತ್ತೀಯ. ಯಾವ ಹೋಟೆಲ್ ಎಂದು ಪೋಲೀಸರು ಕೇಳಿದರೆ ಮರೆತೆ ಎನ್ನುತ್ತೀಯ. ವೆಲ್ಲೂರಿನಿಂದ ಹೊಸೂರಿನವರೆಗೆ ಯಾವ ಹೋಟೆಲ್ಲಿನ ಚಟ್ನಿ ಹೇಗಿರುತ್ತದೆ ಎಂದು ನಮಗೆ ವರ್ಣಿಸುತ್ತಿದ್ದವನು ನೀನು. ಅದೊಂದು ಊಟ ಹೇಗೆ ಮರೆತೆ?

ಯತಿರಾಜ್ ಮಾವನೇ ಲಾಯರನ್ನು ಗೊತ್ತು ಮಾಡಿದ್ದಾನೆ. ‘ಅಕ್ಕಾ, ಬಾವನ್ನ ಈಚೆ ತರೋ ಜವಾಬ್ದಾರಿ ನಂದು’ ಎಂದು ಅಮ್ಮನಿಗೆ ಧೈರ್ಯ ಹೇಳಿದ್ದಾನೆ. ಅವನಿಲ್ಲದಿದ್ದರೆ ಅಮ್ಮ ಕುಸಿದೇ ಹೋಗುತ್ತಿದ್ದಳು.

ಇನ್ನೊಂದು ವಿಷಯ. ಕೊನೆಯ ವರ್ಷದ ಸೆಮಿನಾರಿಗೆ ಚೀಟಿ ಎತ್ತಿಸಿದರು. ನನ್ನ ಪಾಲಿಗೆ ಬಂದದ್ದು ‘ಹೊತ್ತೊಯ್ಯುವ ಕಂಪ್ಯೂಟರುಗಳ ಇತಿಹಾಸ ಮತ್ತು ಬೆಳವಣಿಗೆ’. ಓದಿದಾಗ ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಶಶಿರೇಖಾ ಮೇಡಂ, ‘ಬೇಡ ಅಂದ್ರೆ ಬೇರೆ ತಗೋ ಪವಿತ್ರಾ’ ಎಂದರು. ನಾನು ಬದಲಾಯಿಸಲಿಲ್ಲ. ಬದಲಾಯಿಸಿದ್ದರೆ ಅವರೆಲ್ಲ ಅಂದುಕೊಂಡಿರುವುದನ್ನು ನಾನೂ ಒಪ್ಪಿದ ಹಾಗಾಗುತ್ತಿತ್ತು. ನೀನು ಇಷ್ಟು ವರ್ಷ ಲಾರಿಯಲ್ಲಿ ಕಂಪ್ಯೂಟರ್ ಸಾಗಿಸಿದವನು. ಕಂಡದ್ದನ್ನು ಬರೆದು ಕಳಿಸು.

ನಿನ್ನ
ಪವಿತ್ರ


೧೧ ಫೆಬ್ರವರಿ ೨೦೨೫

ಮಗಳು ಪವಿತ್ರಳಿಗೆ,

ನಿನ್ನ ಕಾಗದ ಕೈಸೇರುವಾಗ ತಿಂಗಳು ಬದಲಾಗಿತ್ತು. ಇಲ್ಲಿ ಕಾಗದಗಳನ್ನು ಓದಿಯೇ ಕೊಡುತ್ತಾರೆ. ಕನ್ನಡ ಬಲ್ಲ ವಾರ್ಡರ್ ಒಬ್ಬರೇ, ತಾಳವಾಡಿಯವರು. ಅವರು ರಜೆಯಲ್ಲಿದ್ದರೆ ನಮ್ಮ ಕಾಗದಕ್ಕೂ ರಜೆ.

ನಾನು ಲಾರಿ ಹತ್ತಿದ್ದು ತೊಂಬತ್ತೆಂಟರಲ್ಲಿ, ಮುನಿವೆಂಕಟಪ್ಪನವರ ಹತ್ತಿರ ಕ್ಲೀನರ್ ಆಗಿ. ಆಗ ಕಂಪ್ಯೂಟರ್ ಎಂದರೆ ಟಿವಿಯಂಥ ದಪ್ಪ ಗಾಜು. ಒಂದನ್ನು ಇಬ್ಬರು ಹಿಡಿದು ಇಳಿಸಬೇಕು. ಲಾರಿ ತುಂಬ ತಂದರೂ ಒಂದು ಆಫೀಸಿಗೆ ಸಾಕಾದರೆ ಹೆಚ್ಚು. ಹಂಪ್ ಬಂದಾಗಲೆಲ್ಲ ಮುನಿವೆಂಕಟಪ್ಪ, ‘ಹಿಂದ್ಗಡೆ ಬಸುರಿ ಹೆಂಗ್ಸು ಕುಂತವ್ಳೆ ಅನ್ಕಂಡು ಓಡಿಸ್ಬೇಕು ಕಣ್ಲಾ’ ಎನ್ನುತ್ತಿದ್ದರು. ಅವನ್ನು ಯಾರೂ ಕದಿಯುತ್ತಿರಲಿಲ್ಲ. ಕದ್ದು ಹೊತ್ತುಕೊಂಡು ಎಲ್ಲಿಗೆ ಹೋದಾರು? ಡಾಬಾ ಮುಂದೆ ನಿಲ್ಲಿಸಿ ನೆಮ್ಮದಿಯಾಗಿ ಮಲಗುತ್ತಿದ್ದೆವು.

ಲ್ಯಾಪ್‌ಟಾಪ್ ಮೊದಲು ನೋಡಿದ್ದು ಆಂಬೂರಿನಲ್ಲಿ. ಬಸ್ಸು ಕೆಟ್ಟು ನಿಂತಿತ್ತು. ಇಂಜಿನಿಯರ್ ಒಬ್ಬರು ನಮ್ಮ ಕ್ಯಾಬಿನ್ ಹತ್ತಿದರು. ತೊಡೆ ಮೇಲೆ ಅದನ್ನು ತೆರೆದು ಏನೋ ಲೆಕ್ಕ ಮಾಡುತ್ತಿದ್ದವರು ಸ್ವಲ್ಪ ದೂರ ಹೋಗುವುದರೊಳಗೆ ‘ಸುಡ್ತಾ ಇದೆ’ ಎಂದು ನನ್ನ ಟವಲ್ ಕೇಳಿ ಕೆಳಗೆ ಹಾಸಿಕೊಂಡರು. ಕೃಷ್ಣಗಿರಿ ಮುಟ್ಟುವ ಮೊದಲೇ ಅದರ ಬ್ಯಾಟರಿ ಮುಗಿಯಿತು. ‘ಇದಕ್ಕಿಂತ ನಮ್ ಟೇಪ್‌ರೆಕಾರ್ಡರ್ರೇ ಮೇಲು’ ಎಂದು ಮುನಿವೆಂಕಟಪ್ಪ ನಕ್ಕರು.

ಆಮೇಲೆ ಸರ್ಕಾರ ಶಾಲೆ ಮಕ್ಕಳಿಗೆ ಕೊಟ್ಟಿತಲ್ಲ, ಅದನ್ನು ಡೆಂಕಣಿಕೋಟೆ ಕಡೆಯ ಶಾಲೆಗಳಿಗೆ ನಾನೇ ಹಾಕಿದೆ. ಲಾರಿ ಒಳಗೆ ಹೋದರೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಡ್ರೈವರ್ ಬಂದ ಎಂದು ಚಪ್ಪಾಳೆ ತಟ್ಟಿಸಿಕೊಂಡದ್ದು ನನ್ನ ಜೀವಮಾನದಲ್ಲಿ ಅದೊಂದೇ. ಒಬ್ಬ ಹುಡುಗಿ ಪೆಟ್ಟಿಗೆಯನ್ನು ಕೂಸಿನ ಹಾಗೆ ಸೊಂಟಕ್ಕೇರಿಸಿಕೊಂಡು ಹೋದಳು. ನಿನಗೂ ಒಂದು ದಿನ ಎಂದುಕೊಂಡೆ. ನಿನ್ನ ಸರದಿಗೆ ಕೊಡುವುದೇ ನಿಂತಿತ್ತು.

ಈಗಿನವು ತೆಳ್ಳಗೆ. ಪುಸ್ತಕದ ಹಾಗೆ ಜೋಡಿಸಿ ತುಂಬುತ್ತಾರೆ. ಅದೇ ಲಾರಿ, ಆದರೆ ಒಳಗಿನ ಮಾಲಿನ ಬೆಲೆಗೆ ನಮ್ಮೂರನ್ನೇ ಕೊಳ್ಳಬಹುದು. ಬಾಗಿಲಿಗೆ ಕಂಪ್ಯೂಟರ್ ಬೀಗ. ಊಟಕ್ಕೆ ಅವರು ಹೇಳಿದ ಜಾಗದಲ್ಲೇ ನಿಲ್ಲಿಸಬೇಕು, ಲಾರಿ ಬಿಟ್ಟು ಕದಲಬಾರದು. ಮೊದಲು ಗಾಜು ಒಡೆದೀತೆಂದು ಹೆದರುತ್ತಿದ್ದೆವು. ಈಗ ನಮ್ಮ ತಲೆಯೇ ಒಡೆದೀತೆಂಬ ಹೆದರಿಕೆ. ಲೋಡು ಹಗುರಾದಷ್ಟೂ ಎದೆ ಭಾರವಾಯಿತು.

ಹೋಟೆಲ್ಲಿನ ಹೆಸರು ನೆನಪಿಲ್ಲ. ಮತ್ತೆ ಕೇಳಬೇಡ.

ನಿಮ್ಮಪ್ಪ
ಕೆಂಪರಾಜು


ಕೃಷ್ಣಗಿರಿ,
೨೭ ಫೆಬ್ರವರಿ ೨೦೨೫

ಅಪ್ಪ,

ನಿನ್ನ ಕಾಗದವನ್ನು ಮೇಡಂಗೆ ಓದಿ ಹೇಳಿದೆ, ಕೊನೆಯ ಸಾಲು ಬಿಟ್ಟು. ಇಂಜಿನಿಯರ್ ಮತ್ತು ಟವಲ್ಲಿನ ಕಥೆ ಹಾಕಲೇಬೇಕು ಎಂದರು.

ನಾನು ಓದಿದ್ದನ್ನು ನಿನಗೆ ಹೇಳುತ್ತೇನೆ. ಅಮೆರಿಕದಲ್ಲಿ ಒಬ್ಬ, ಮಕ್ಕಳು ಕಂಕುಳಲ್ಲಿಟ್ಟುಕೊಂಡು ಓಡಾಡುವಂಥ ಕಂಪ್ಯೂಟರ್ ಆಗಬೇಕು ಎಂದು ಅದರ ಆಕಾರವನ್ನು ರಟ್ಟಿನಲ್ಲಿ ಮಾಡಿ ತೋರಿಸಿದನಂತೆ. ಆಗ ಅದರೊಳಗೆ ತುಂಬಲು ಪ್ರಪಂಚದಲ್ಲಿ ಏನೂ ಇರಲಿಲ್ಲ. ಬರೀ ರಟ್ಟು. ಎಂಬತ್ತೊಂದರಲ್ಲಿ ಜನ ಕೊಂಡು ಹೊತ್ತ ಕಂಪ್ಯೂಟರ್ ಹನ್ನೊಂದು ಕೆ.ಜಿ. ತೂಗುತ್ತಿತ್ತು. ನೋಡಲು ಹೊಲಿಗೆ ಮೆಷಿನ್ನಿನ ಪೆಟ್ಟಿಗೆ. ಪರದೆ ನಮ್ಮ ಅಂಗೈಯಗಲ. ಬ್ಯಾಟರಿಯೇ ಇಲ್ಲ, ಹೊತ್ತುಕೊಂಡು ಹೋದ ಕಡೆ ಗೋಡೆಯ ಕರೆಂಟಿಗೇ ಚುಚ್ಚಬೇಕು. ಮುಂದಿನ ವರ್ಷವೇ ಪುಸ್ತಕದ ಹಾಗೆ ಮಡಚುವುದು ಬಂತು. ಅಲ್ಲಿಂದ ಮುಂದಿನದೆಲ್ಲ ತೂಕ ಇಳಿಸುವ, ಬ್ಯಾಟರಿ ಬೆಳೆಸುವ ಕಥೆ.

ಒಂದು ಸಂತೋಷದ ಸುದ್ದಿ. ಮೊನ್ನೆ ಯತಿರಾಜ್ ಮಾವ ಬೈಕಿನಲ್ಲಿ ಹಾಸ್ಟೆಲ್ ಗೇಟಿಗೆ ಬಂದಿದ್ದ. ‘ತಗಾ ಪವೀ, ಇದ್ರಲ್ ಮಾಡು ನಿನ್ ಸೆಮಿನಾರು. ಇನ್ನೊಬ್ರ ತಾವ ಬೇಡ್ಬ್ಯಾಡ’ ಎಂದು ಒಂದು ಹೊಸ ಲ್ಯಾಪ್‌ಟಾಪ್ ಕೈಗಿಟ್ಟ. ಕಂತಿನ ಮೇಲೆ ತಗೊಂಡನಂತೆ. ಎಷ್ಟು ಹಗುರ ಎಂದರೆ ಬ್ಯಾಗಿನಲ್ಲಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ. ಬಣ್ಣ ಹಸಿರು ಕಲೆಸಿದ ಬೂದಿ. ನೀನು ಹೋದಂದಿನಿಂದ ಮೊದಲ ಸಲ ನಾನು ನಕ್ಕೆ. ಮಾವ ಮಾತ್ರ ನಗಲಿಲ್ಲ, ಬೇಗ ಹೊರಟುಬಿಟ್ಟ.

ಸೆಮಿನಾರು ಬರುವ ವಾರ. ಆಶೀರ್ವಾದ ಮಾಡು.

ಪವಿತ್ರ


೧೨ ಮಾರ್ಚ್ ೨೦೨೫

ಪವಿತ್ರ,

ಆ ಲ್ಯಾಪ್‌ಟಾಪನ್ನು ಯತಿರಾಜನಿಗೆ ವಾಪಸು ಕೊಡು. ಕಾಲೇಜಿಗೆ ಒಯ್ಯಬೇಡ. ಯಾರಿಗೂ ತೋರಿಸಬೇಡ. ನಿನ್ನ ಅಮ್ಮನ ಹತ್ತಿರ ಇದರ ಮಾತೆತ್ತಬೇಡ. ಕಾರಣ ಕೇಳಬೇಡ. ಚೆನ್ನಾಗಿ ಓದು.

ಅಪ್ಪ


ಕೃಷ್ಣಗಿರಿ,
೧೯ ಮಾರ್ಚ್ ೨೦೨೫

ಅಪ್ಪ,

ನಿನ್ನ ಕಾಗದ ಬರುವ ಹೊತ್ತಿಗೆ ಸೆಮಿನಾರು ಮುಗಿದು ಹೋಗಿತ್ತು.

ಚೆನ್ನಾಗಿಯೇ ಮಾತಾಡಿದೆ. ರಟ್ಟಿನ ಕಂಪ್ಯೂಟರಿನಿಂದ ಶುರು ಮಾಡಿ, ಹೊಲಿಗೆ ಮೆಷಿನ್ ಪೆಟ್ಟಿಗೆ, ನಿನ್ನ ಟವಲ್, ಡೆಂಕಣಿಕೋಟೆಯ ಹುಡುಗಿ, ಎಲ್ಲ ಹೇಳಿದೆ. ಕೊನೆಗೆ, ‘ಈಗ ಎಲ್ಲಿಗೆ ಬಂದು ನಿಂತಿದೆ ನೋಡಿ’ ಎಂದು ನನ್ನ ಕೈಲಿದ್ದುದನ್ನೇ ಒಂದು ಕೈಯಲ್ಲಿ ಎತ್ತಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಶಿರೇಖಾ ಮೇಡಂ ಹತ್ತಿರ ಬಂದು, ತಿರುಗಿಸಿ ನೋಡಿ ಮೆಲ್ಲಗೆ ಕೇಳಿದರು: ‘ಇದು ಏಪ್ರಿಲ್‌ನಲ್ಲಿ ಬಿಡುಗಡೆ ಅಂತ ಕಂಪ್ನಿಯವರು ಹೇಳಿದಾರೆ. ಇನ್ನೂ ಅಂಗಡಿಗೇ ಬಂದಿಲ್ವಲ್ಲ ಪವಿತ್ರಾ. ನಿನಗೆ ಎಲ್ಲಿ ಸಿಕ್ತು?’

ಅಂಗಡಿಗೆ ಬಾರದ್ದು ಫ್ಯಾಕ್ಟರಿಯಲ್ಲಿರಬೇಕು. ಇಲ್ಲವೆ ಲಾರಿಯಲ್ಲಿರಬೇಕು. ‘ಸಂಬಂಧಿಕರು ಕೊಟ್ಟರು’ ಎಂದೆ. ಮೇಡಂ ನನ್ನ ಮುಖವನ್ನೇ ನೋಡಿದರು, ಅದನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು.

ಶನಿವಾರ ಊರಿಗೆ ಹೋದೆ. ಅಮ್ಮನನ್ನು ಒಂದೇ ಮಾತು ಕೇಳಿದೆ. ‘ಅವತ್ತು ಅಪ್ಪ ಎಲ್ಲಿ ಊಟ ಮಾಡ್ತು?’ ಅಮ್ಮ ಒಲೆ ಮುಂದಿನಿಂದ ಏಳಲಿಲ್ಲ. ‘ಹಿಂದಿನ್ ದಿನ ನಿನ್ ಮಾವನೇ ಮನೆಗ್ ಬಂದು ಕರೆದಿದ್ದ. ಬಾವ, ನಾಳೆ ಶೂಲಗಿರೀಲಿ ನಮ್ ರೂಮಿಗೇ ಬಂದ್ಬುಡು, ಕೋಳಿ ಮಾಡಿಸ್ತೀನಿ ಅಂದ’ ಎಂದಳು. ಇದನ್ನು ಪೋಲೀಸರಿಗೆ ಯಾಕೆ ಹೇಳಲಿಲ್ಲ ಎಂದೆ. ‘ಊಟಕ್ ಕರಿಯೋದು ತಪ್ಪಾ?’ ಎಂದು ನನ್ನನ್ನೇ ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಿನಗೆ ಮೊದಲಿನಿಂದಲೂ ಗೊತ್ತಿತ್ತು, ಅಲ್ಲವಾ?

ಪವಿತ್ರ


೨೮ ಮಾರ್ಚ್ ೨೦೨೫

ಮಗಳೇ,

ಈ ಕಾಗದವನ್ನು ಬಿಡುಗಡೆಯಾಗಿ ಹೋಗುತ್ತಿರುವವರೊಬ್ಬರು ಹೊರಗೆ ಅಂಚೆಗೆ ಹಾಕುತ್ತಾರೆ. ಬೇರೆ ಯಾರೂ ಓದುವುದಿಲ್ಲ. ಅದಕ್ಕೇ ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಹೋದ ಕಾಗದವನ್ನು ಪುಣ್ಯಕ್ಕೆ ವಾರ್ಡರ್ ಮೇಲಿನ ಸಾಲಷ್ಟೇ ನೋಡಿ ಕೊಟ್ಟರು.

ಲಾರಿಯನ್ನು ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿದೆ. ಯತಿರಾಜ ಬೈಕಿನಲ್ಲಿ ಕಾಯುತ್ತಿದ್ದ. ರೂಮಿನಲ್ಲಿ ಎಲೆ ಹಾಕಿ, ತಾನೇ ಬಡಿಸಿದ. ‘ಕೀ ಕೊಡು ಬಾವ, ನಿನ್ ನೀರಿನ್ ಕ್ಯಾನು ತತ್ತೀನಿ’ ಎಂದು ಕೀ ಇಸಿದುಕೊಂಡು ಹೋದ, ಬಂದ, ಕೀಯನ್ನೂ ವಾಪಸು ಕೊಟ್ಟ. ಮಧ್ಯೆ ಅದು ಯಾರ ಕೈಗೆ ಹೋಗಿ ಬಂತೋ, ಕೊಟ್ಟದ್ದು ಅದೇ ಕೀಯೋ ಬೇರೆಯೋ, ನಾನು ನೋಡಲಿಲ್ಲ. ಇಬ್ಬರೂ ಹಿಂತಿರುಗಿದಾಗ ಅಲ್ಲಿ ಲಾರಿ ಇರಲಿಲ್ಲ. ‘ಅಯ್ಯೋ ಬಾವ, ಲಾರಿ ಎಲ್ಲಿ!’ ಎಂದು ಅವನೇ ಮೊದಲು ಕೂಗಿದ. ಆದರೆ ನನ್ನ ಮುಖ ನೋಡಲಿಲ್ಲ. ಚಿಕ್ಕವನಾಗಿದ್ದಾಗ ಬೆಲ್ಲ ಕದ್ದು ತಿಂದರೂ ಹಾಗೇ, ಗೋಡೆ ನೋಡುತ್ತಿದ್ದ. ಆ ಕ್ಷಣವೇ ನನಗೆ ಗೊತ್ತಾಯಿತು.

ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀಯ. ನಿಮ್ಮಮ್ಮ ಮದುವೆಯಾಗಿ ಬರುವಾಗ ತಾಯಿ ಇಲ್ಲದ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಂದಳು. ಮೂರು ವರ್ಷದ ಕೂಸು. ‘ಕೂಸ್ ಸಮೇತ ಹೆಣ್ ತಂದವ್ನೆ’ ಎಂದು ಜನ ನಕ್ಕರು. ನೀನು ಹುಟ್ಟುವ ಮೊದಲೇ ನಾನು ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿದೆ. ಅವನ ಹೆಸರು ನನ್ನ ಬಾಯಿಂದ ಬಂದರೆ ನಿಮ್ಮಮ್ಮ ಆಮೇಲೆ ನನಗೆ ಹೇಗೆ ಅನ್ನ ಇಕ್ಕುತ್ತಾಳೆ? ಯಾರೋ ಕೆಟ್ಟವರ ಮಾತು ಕೇಳಿ ಮಾಡಿಬಿಟ್ಟಿದ್ದಾನೆ. ನಾನು ಕೆಲವು ವರ್ಷ ಇಲ್ಲಿದ್ದು ಬಂದರೂ ನಡೆಯುತ್ತದೆ. ಅವನ ಬದುಕು ಇನ್ನೂ ಶುರುವೇ ಆಗಿಲ್ಲ.

ಆ ಲ್ಯಾಪ್‌ಟಾಪನ್ನು ಅವನ ಕೈಗೆ ಕೊಟ್ಟು ಮರೆತುಬಿಡು. ಇದು ಅಪ್ಪನ ಮಾತು ಎಂದು ತಿಳಿ.

ಕೆಂಪರಾಜು


ಕೃಷ್ಣಗಿರಿ,
೧೬ ಏಪ್ರಿಲ್ ೨೦೨೫

ಅಪ್ಪ,

ಈ ಕಾಗದವನ್ನು ವಾರ್ಡರ್ ಧಾರಾಳವಾಗಿ ಓದಲಿ. ನಿನ್ನ ಮಾತು ಮೀರಿದ್ದೇನೆ.

ನೀನು ಹೇಳಿದ ಹಾಗೆ ವಾಪಸು ಕೊಡಲೆಂದೇ ಹೊರಟೆ. ಮಾವ ಶೂಲಗಿರಿಯ ರೂಮು ಬಿಟ್ಟು ಈಗ ಜೂಜುವಾಡಿಯಲ್ಲಿ, ಲಾರಿಗಳು ನಿಲ್ಲುವ ಕಡೆ ಇದ್ದ. ಟೀ ಅಂಗಡಿಯ ಹಿಂದೆ ಕರೆದುಕೊಂಡು ಹೋಗಿ ಲ್ಯಾಪ್‌ಟಾಪನ್ನು ಅವನ ಮುಂದಿಟ್ಟೆ. ‘ಇದು ಇನ್ನೂ ಅಂಗಡಿಗೇ ಬಂದಿಲ್ಲ ಮಾವ’ ಎಂದೆ. ಅವನಿಗೆ ಬೇರೇನೂ ಹೇಳಬೇಕಾಗಲಿಲ್ಲ.

‘ಬಾವನಿಗೆ ಏನೂ ಆಗಲ್ಲ ಅಂತ ಅವ್ರು ಹೇಳಿದ್ರು ಕಣೇ. ಡ್ರೈವರ್ ಊಟಕ್ ಹೋಗಿದ್ದ, ಲಾರಿ ಹೋಯ್ತು, ಅಷ್ಟೇ ಅಂದ್ರು. ಕಂಪ್ನಿಗೆ ಇನ್ಶೂರೆನ್ಸ್ ಬತ್ತದೆ, ಯಾರ್ದೂ ಏನೂ ಹೋಗಲ್ಲ ಅನ್ಕಂಡೆ.’

‘ಅಪ್ಪ ಹೋಯ್ತಲ್ಲ ಮಾವ.’

ಅವನು ರಸ್ತೆ ಕಡೆ ತಿರುಗಿ ನಿಂತ. ಸಾಲಾಗಿ ಲಾರಿಗಳು ಗಡಿ ದಾಟುತ್ತಿದ್ದವು. ‘ಅಪ್ಪನ್ನ ಒಳಗ್ ಹಾಕಿಸಿ, ನಂಗೆ ಇದನ್ ತಂದ್ಕೊಡಕ್ಕೆ ಹೆಂಗ್ ಮನಸು ಬಂತು?’ ಎಂದು ಕೇಳಿದೆ.

‘ನಿಂಗೆ ಕೊಡೋವಾಗ ಇದು ಕದ್ದಿದ್ದು ಅಂತ ಅನ್ನಿಸ್ಲೇ ಇಲ್ಲ ಕಣೇ’ ಎಂದ. ‘ನಿಂಗೆ ಬೇಕಾಗಿತ್ತು, ನನ್ ತಾವ ಇತ್ತು.’

ಅಪ್ಪ, ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ತಡೆಯಲಾಗದೇ ಹೋದದ್ದು. ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟ ಮಾವನೇ ನನ್ನ ಎದುರಿಗಿದ್ದ, ಬೇರೆ ಯಾರೋ ಅಲ್ಲ. ಲ್ಯಾಪ್‌ಟಾಪನ್ನು ಅವನಿಗೆ ಕೊಡಲು ಕೈ ಬರಲಿಲ್ಲ. ‘ನೀನೇ ಹೋಗಿ ಹೇಳ್ತೀಯಾ, ನಾನ್ ಹೋಗ್ಲಾ?’ ಎಂದೆ. ‘ಎರಡು ದಿವ್ಸ ಕೊಡು, ನಾನೇ ಹೋಯ್ತೀನಿ. ಅಕ್ಕನ್ ಮ್ಯಾಲಾಣೆ’ ಎಂದ. ಕೊಟ್ಟೆ. ನಂಬಿ ಕೊಟ್ಟೆ. ಮೂರನೆಯ ದಿನ ಫೋನ್ ಮಾಡಿದರೆ ಆಫ್. ಜೂಜುವಾಡಿಗೆ ಹೋದರೆ, ‘ಅವ್ನ್ ಆವತ್ತೇ ಹೋಗ್ಬುಟ್ನಲ್ಲಮ್ಮ’ ಎಂದರು.

ಶಶಿರೇಖಾ ಮೇಡಂ ಜೊತೆಗೆ ಸ್ಟೇಷನ್ನಿಗೆ ಬಂದರು. ನೀನು ಮಾವನ ರೂಮಿನಲ್ಲಿ ಊಟ ಮಾಡಿದ್ದು, ಅಮ್ಮ ಹೇಳಿದ್ದು, ಎಲ್ಲ ಹೇಳಿದೆ. ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟೆ. ‘ಯಾರ್ ಕುಡುತ್ತದು?’ ಯಾರು ಕೊಟ್ಟದ್ದು ಎಂದು ಇನ್‌ಸ್ಪೆಕ್ಟರ್ ತಮಿಳಿನಲ್ಲಿ ಕೇಳಿದರು. ಮಾವ ಎಂದೆ. ಹೆಸರು ಹೇಳು ಎಂದರು. ಅಪ್ಪ, ಹುಟ್ಟಿದಾಗಿನಿಂದ ಮಾವ ಎಂದೇ ಕರೆದವಳು ನಾನು. ನಾಲಗೆ ಹೊರಳಲೇ ಇಲ್ಲ. ಕೊನೆಗೆ ಕಾಗದ ಕೇಳಿ ಇಸಿದುಕೊಂಡು ಬರೆದುಕೊಟ್ಟೆ.

ನೀನು ಅವನನ್ನು ಉಳಿಸಲು ಒಳಗೆ ಕೂತೆ. ನಾನು ನಿನ್ನನ್ನು ಬಿಡಿಸಲು ಅವನನ್ನು ಕೊಟ್ಟೆ. ಅಮ್ಮನಿಗೆ ಊರಿಗೆ ಹೋಗಿ ನಾನೇ ಹೇಳಿದೆ. ಅವಳು ನನ್ನ ತಟ್ಟೆ ತೊಳೆದಿಟ್ಟು ಹಿತ್ತಲಿಗೆ ಹೋದಳು. ಕತ್ತಲಾಗುವ ಮೊದಲು ನಾನು ಬಸ್ಸು ಹತ್ತಿದೆ.

ಪವಿತ್ರ


ಗುಮ್ಮಳಾಪುರ,
೧೫ ಜೂನ್ ೨೦೨೫

ಪವಿತ್ರಳಿಗೆ ನಿಮ್ಮಮ್ಮ ಬರೆಯುವುದು,

ಪರೀಕ್ಷೆ ಮುಗಿಸಿ ಹೊಸೂರಿನಲ್ಲಿ ಕೆಲಸಕ್ಕೆ ಸೇರಿದೆ, ಹೆಂಗಸರ ಹಾಸ್ಟೆಲ್ಲಿನಲ್ಲಿ ಇದ್ದೀಯ ಎಂದು ನಿಮ್ಮಪ್ಪ ಹೇಳಿದರು. ವಿಳಾಸ ಅವರ ಕೈಲೇ ಬರೆಸಿಕೊಂಡೆ. ನೀನು ಮಾಡಿದ ಫೋನುಗಳನ್ನು ನಾನು ಎತ್ತಲಿಲ್ಲ. ಫೋನಿನಲ್ಲಿ ನಿನ್ನ ಉಸಿರು ಕೇಳಿದರೆ ನಾನು ಅಳುತ್ತೇನೋ ಬೈಯುತ್ತೇನೋ ನನಗೇ ಗೊತ್ತಿರಲಿಲ್ಲ. ಕಾಗದ ಬರೆದು ಎಷ್ಟೋ ವರ್ಷವಾಯಿತು. ತಪ್ಪಿದ್ದರೆ ಸರಿ ಮಾಡಿಕೊಂಡು ಓದಿಕೋ.

ನಿಮ್ಮಪ್ಪ ಬೇಲ್ ಮೇಲೆ ಮನೆಗೆ ಬಂದು ತಿಂಗಳಾಗುತ್ತಾ ಬಂತು. ಅವರು ಕಳ್ಳರ ಜೊತೆ ಸೇರಿರಲಿಲ್ಲ ಎಂದು ಪೋಲೀಸರಿಗೂ ಗೊತ್ತಾಗಿದೆಯಂತೆ, ಕೇಸು ಮಾತ್ರ ಇನ್ನೂ ಮುಗಿದಿಲ್ಲ. ಲಾರಿ ಬಿಟ್ಟು ಹೋಗಿದ್ದಕ್ಕೆ ಟ್ರಾನ್ಸ್‌ಪೋರ್ಟಿನವರು ಕೆಲಸಕ್ಕೆ ತಗೊಳ್ಳಲಿಲ್ಲ. ಥಳಿ ಕಡೆಯ ಗುಲಾಬಿ ತೋಟದಲ್ಲಿ ಹೂವಿನ ಪೆಟ್ಟಿಗೆ ತುಂಬಲು ಹೋಗುತ್ತಾರೆ. ಮನೆಯಲ್ಲಿ ನಾವಿಬ್ಬರೂ ಹೆಚ್ಚು ಮಾತಾಡುವುದಿಲ್ಲ. ಅವರು ‘ನೀರು’ ಎನ್ನುತ್ತಾರೆ, ನಾನು ಕೊಡುತ್ತೇನೆ.

ಯತಿರಾಜ ತಿರುಪ್ಪೂರಿನಲ್ಲಿ ಸಿಕ್ಕಿಬಿದ್ದ. ಅವನನ್ನೂ ಅದೇ ಜೈಲಿಗೆ ಹಾಕಿದ್ದಾರೆ. ಮೊನ್ನೆ ಅದೇ ಬಸ್ಸು ಹತ್ತಿ, ಅದೇ ಸಾಲಿನಲ್ಲಿ ನಿಂತೆ. ಮೊದಲು ಗಂಡನನ್ನು ನೋಡಲು ನಿಂತವಳು, ಈಗ ತಮ್ಮನನ್ನು ನೋಡಲು. ಬಾಗಿಲಲ್ಲಿದ್ದ ಹೆಂಗಸು ಗುರುತು ಹಿಡಿದು, ‘ನಿಮ್ ಯಜಮಾನ್ರು ಹೋದ್ರಲ್ಲಮ್ಮ, ಇನ್ಯಾರು?’ ಎಂದು ತಮಿಳಿನಲ್ಲಿ ಕೇಳಿದಳು. ನಾನು ‘ಮಗ’ ಎಂದುಬಿಟ್ಟೆ.

ಅವನು ಸೊರಗಿದ್ದಾನೆ. ಬಾವನ ಹತ್ತಿರ ಕ್ಷಮೆ ಕೇಳಿದೆ ಎಂದು ಹೇಳು ಎಂದ. ಆಮೇಲೆ ‘ಪವಿ ಪರೀಕ್ಷೆ ಚೆಂದಾಗ್ ಬರೆದ್ಲಾ?’ ಎಂದು ಕೇಳಿದ. ನೀನು ಹೇಗೆ ಬರೆದೆ ಎಂದು ನಾನು ನಿನ್ನನ್ನು ಕೇಳಿಯೇ ಇರಲಿಲ್ಲವಲ್ಲ.

ಅವತ್ತು ಅವನು ಊಟಕ್ಕೆ ಕರೆದದ್ದು ನನ್ನ ಎದುರಿಗೇ. ನಿಮ್ಮಪ್ಪ ಒಳಗಿದ್ದ ಅಷ್ಟೂ ದಿನ ಆ ಮಾತು ನನ್ನ ಗಂಟಲಲ್ಲಿತ್ತು. ಹೇಳಿದರೆ ಒಬ್ಬ ಹೋಗುತ್ತಾನೆ, ಹೇಳದಿದ್ದರೆ ಇನ್ನೊಬ್ಬ. ನಾನು ಸುಮ್ಮನಿದ್ದೆ. ಸುಮ್ಮನಿರುವುದೂ ಒಬ್ಬನನ್ನು ಆರಿಸಿಕೊಂಡ ಹಾಗೆಯೇ ಎಂದು ನೀನು ಸ್ಟೇಷನ್ನಿಗೆ ಹೋದ ಮೇಲೆ ನನಗೆ ಅರಿವಾಯಿತು.

ನೀನು ಮಾಡಿದ್ದು ತಪ್ಪೆಂದು ಹೇಳಲು ನನಗೆ ಬಾಯಿಲ್ಲ. ನನ್ನ ಗಂಡನನ್ನು ಮನೆಗೆ ತಂದವಳು ನೀನು. ಸರಿ ಎಂದು ಹೇಳಲೂ ಆಗುತ್ತಿಲ್ಲ. ಹೊಟ್ಟೆಯಲ್ಲಿ ಹೊರದಿದ್ದರೂ ಅವನು ನನ್ನ ಮೊದಲ ಕೂಸು. ಬಾ ಎಂದು ಬರೆಯಲು ಎರಡು ಸಲ ಕೂತೆ, ಆಗಲಿಲ್ಲ. ಬರಬೇಡ ಎಂದು ಬರೆಯಲೂ ಆಗಲಿಲ್ಲ.

ಭಾನುವಾರ ನಿನಗೆ ರಜೆ ಇರುತ್ತದಂತೆ. ಬಂದರೆ ಬಾಗಿಲು ತೆಗೆದಿರುತ್ತದೆ. ಮುದ್ದೆ, ಸೊಪ್ಪಿನ ಸಾರು ಮಾಡಿರುತ್ತೇನೆ. ಕೂತು ಹೊಟ್ಟೆ ತುಂಬ ಉಣ್ಣು. ನಾನು ಮಾತಾಡಲಿಲ್ಲ ಎಂದು ಎದ್ದು ಹೋಗಬೇಡ.

ನಿಮ್ಮಮ್ಮ
ಅಕ್ಕಯಮ್ಮ